ಹಾಲುವಾಣಕ್ಕೆ ಕೊಡಲಿ ಹಾಕಿಸುವ ಮೊದಲು

ಚಿರಂಜೀವಿ ಸುಧೀರನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಮೇಲಿನ ಕಾಫಿ ತೋಟಕ್ಕೆ ನೆರಳು ಕೊಡುವ ಹಾಲುವಾಣದ ಮರಗಳನ್ನೆಲ್ಲ ತೆಗೆಸಿ ಸಿಲ್ವರ್ ಓಕ್ ಹಾಕಿಸಬೇಕೆಂದಿರುವುದಾಗಿ ಬರೆದಿದ್ದೀಯೆ. ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿನ ಮರ ಬೇಕು, ಮುಂದೆ ಅದು ನಾಟಾಕ್ಕೂ ಬರುತ್ತದೆ ಎಂಬ ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ತೋಟ ನಿನ್ನದು, ಸಾಲವೂ ನಿನ್ನದೇ. ಆದರೆ ಹಾಲುವಾಣ ಕೆಂಪಗೆ ಹೂ ಬಿಟ್ಟಿರುವಾಗ ಒಂದು ಬೆಳಗ್ಗೆ ಅದರ ಬುಡದಲ್ಲಿ ನಿಂತು ಮೇಲೆ ನೋಡಿ, ಆಮೇಲೆ ತೀರ್ಮಾನಿಸು.

ಮೊದಲು ಕಿವಿಗೆ ಬೀಳುವುದು ಚೀ-ಚೀ-ಚೀ ಎಂಬ ಸಣ್ಣ ದನಿ. ಹಕ್ಕಿ ಕಾಣುವುದು ತಡವಾಗಿ, ಏಕೆಂದರೆ ಅದು ಎಲೆಯಷ್ಟೇ ಹಸಿರು. ಸುಮಾರು 14 ಸೆಂಟಿಮೀಟರ್ ಉದ್ದದ, ಗುಬ್ಬಚ್ಚಿ ಗಾತ್ರದ, ಮೋಟು ಬಾಲದ ಗಿಳಿ. ಸೊಂಟದ ಕೆಂಪು ಹಾರುವಾಗಲಷ್ಟೇ ಎದ್ದು ಕಾಣುತ್ತದೆ, ಗಂಡಿಗೆ ಕೊರಳಲ್ಲಿ ನೀಲಿ ಮಚ್ಚೆಯಿರುತ್ತದೆ. ನೇತಾಡುವ ಗಿಳಿಯೆಂದು ಇದನ್ನು ಕರೆಯುವುದು ಸುಮ್ಮನೆ ಅಲ್ಲ: ಹೂವಿನ ಮಕರಂದ ಹೀರುವಾಗ ತಲೆಕೆಳಗಾಗುವುದಿರಲಿ, ರಾತ್ರಿ ನಿದ್ರಿಸುವುದೂ ಬಾವಲಿಯಂತೆ ಕೊಂಬೆಯಿಂದ ಜೋತುಬಿದ್ದೇ. ಕಳ್ಳು ಇಳಿಸುವ ಮಡಕೆಗೂ ಬಾಯಿ ಹಾಕಿ ಅಮಲೇರಿಸಿಕೊಳ್ಳುತ್ತದೆ ಎಂದು ನಿನ್ನ ಅಜ್ಜನಿಗೆ ಹೇಳಿದಾಗ ಅವರು ನಕ್ಕ ನಗು ನನಗಿನ್ನೂ ನೆನಪಿದೆ.

1787ರಲ್ಲಿ ಸ್ವೀಡನ್ನಿನ ಪ್ರಕೃತಿವಿಜ್ಞಾನಿ ಸ್ಪಾರ್ಮನ್ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಈಶಾನ್ಯದಲ್ಲಿ, ಅಂಡಮಾನಿನಲ್ಲಿ, ಅಲ್ಲಿಂದಾಚೆ ಆಗ್ನೇಯ ಏಷ್ಯಾದಲ್ಲಿ ಇದರ ವಾಸ. ಶ್ರೀಲಂಕಾದಲ್ಲಿರುವುದು ಇದರ ದಾಯಾದಿ, ಬೇರೆಯೇ ಪ್ರಭೇದ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಗೂಡಿನ ವಿಷಯ. ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಇದು ಮರಿ ಮಾಡುವ ಕಾಲ. ಒಣಗಿದ, ಕೊಳೆತ ಮರದ ಪೊಟರೆಯನ್ನು ಹುಡುಕಿಕೊಂಡು, ಹೆಣ್ಣು ಹಸಿರೆಲೆಯನ್ನು ಕೊಕ್ಕಿನಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಬಾಯಲ್ಲಿ ಕಚ್ಚಿಕೊಳ್ಳದೆ, ಸೊಂಟದ ಕೆಂಪು ಗರಿಗಳೊಳಗೆ ಸಿಕ್ಕಿಸಿಕೊಂಡು ಒಯ್ದು ಒಳಗೆ ಹಾಸುತ್ತದೆ. ಮದುವೆಮನೆಗೆ ಹೊರಟ ಹೆಂಗಸು ಸೀರೆಯ ಸೆರಗು ಸಿಕ್ಕಿಸಿಕೊಂಡಂತೆ ನನಗೆ ಅದು ಕಾಣುತ್ತದೆ. ಅಂಥ ಪೊಟರೆ ಸಿಗುವುದು ನಾವು ನಿರುಪಯೋಗಿ ಎನ್ನುವ ಮುದಿ ಮರದಲ್ಲಿ. ಸಿಲ್ವರ್ ಓಕ್ ಹೂವಿನಲ್ಲೂ ಮಕರಂದವಿದೆ, ಒಪ್ಪುತ್ತೇನೆ. ಆದರೆ ಬಲಿತೊಡನೆ ನಾಟಾಕ್ಕೆ ಹೋಗುವ ಮರಕ್ಕೆ ಪೊಟರೆಯಾಗುವಷ್ಟು ವಯಸ್ಸು ಎಲ್ಲಿಂದ ಬರಬೇಕು?

ಆದ್ದರಿಂದ ಹಾಲುವಾಣವನ್ನು ಪೂರ್ತಿ ತೆಗೆಸಬೇಡ. ಹಳ್ಳದ ಬದಿಯ ಸಾಲನ್ನಾದರೂ ಹಾಗೆಯೇ ಬಿಡು. ಒಣ ಬೊಡ್ಡೆ ಜನರ ಮೇಲೆ ಬೀಳುವ ಜಾಗದಲ್ಲಿಲ್ಲದಿದ್ದರೆ ಅದೂ ನಿಂತಿರಲಿ. ಮರಗಸಿಯನ್ನು, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸವನ್ನು, ಮಳೆಗಾಲ ಹತ್ತಿರವಾದ ಮೇಲೆ ಮಾಡಿಸು. ಮಗಳು ಮರಿಯನ್ನು ಪಂಜರದಲ್ಲಿ ಸಾಕೋಣವೆಂದರೆ ಕೊಡಿಸಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡಿಯಿದೆ.

ಕೊಟ್ಟಿಗೆಯ ಹಿಂದೆ ತುದಿ ಮುರಿದ ಮರವೊಂದಿದೆಯಲ್ಲ, ನಾನು ಹೋದ ವರ್ಷ ಹಸಿರೆಲೆ ಹೊತ್ತ ಹೆಣ್ಣನ್ನು ಕಂಡದ್ದು ಅಲ್ಲಿಯೇ. ಮೊದಲು ಅದನ್ನು ನೋಡಿ ನನಗೆ ಬರೆ.

ಇಂತು ನಿನ್ನ ದೊಡ್ಡಪ್ಪ