ಏನು ಓದ್ತಿದ್ದೀಯ ಅಂತ ಕೇಳಿದರೆ

ಪ್ರೀತಿಯ ಪುಟ್ಟಿ,

ಮೊನ್ನೆ ಮದುವೆ ಮನೆಯಲ್ಲಿ ಯಾರೋ ಏನು ಓದ್ತಿದ್ದೀಯ ಅಂತ ಕೇಳಿದ್ದಕ್ಕೆ, 'ಎಂ.ಎ. ತರಹದ್ದೇ' ಅಂದು ಮಾತು ತೇಲಿಸಿಬಿಟ್ಟೆಯಂತೆ. ಅಮ್ಮ ಹೇಳಿದಳು. ಎಂ.ಲಿಬ್, ಅಂದರೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಓದು, ಅಂತ ಬಾಯಿಬಿಟ್ಟು ಹೇಳೋಕೆ ನಿನಗೆ ಹಿಂಜರಿಕೆ ಆಯ್ತು ಅಂತ ಕೇಳಿ ನನಗೆ ಸಂಕಟವಾಯಿತು.

ನಿನ್ನ ಕಿವಿಗೆ ಬೀಳೋ ಮಾತು ನನಗೂ ಗೊತ್ತು. 'ಪುಸ್ತಕ ಕೊಟ್ಟು ತಗೊಳ್ಳೋಕೆ ಎರಡು ವರ್ಷ ಓದಬೇಕಾ?' 'ಬೇರೆ ಸೀಟು ಸಿಗಲಿಲ್ವಾ?' 'ಗೂಗಲ್ ಇರುವಾಗ ಲೈಬ್ರರಿ ಯಾರಿಗೆ ಬೇಕು?' ಜನ ನೋಡಿರೋದು ಕೌಂಟರ್ ಒಂದನ್ನೇ. ಸೀಲು ಒತ್ತೋ ಕೈ ಕಾಣುತ್ತೆ, ಅದರ ಹಿಂದಿನ ಕೆಲಸ ಕಾಣಲ್ಲ.

ನಾನು ಅದನ್ನು ಕಂಡಿದ್ದು ರಜೆಗೆ ನೀನು ಬಂದಿದ್ದಾಗ. ನೀನು ಜಗಲಿ ಮೇಲೆ ಕೂತು ವರ್ಗೀಕರಣದ, ಅಂದರೆ ಪುಸ್ತಕಕ್ಕೆ ಅದರ ವಿಷಯ ನೋಡಿ ಸಂಖ್ಯೆ ಕೊಡೋದರ, ಅಭ್ಯಾಸ ಮಾಡ್ತಿದ್ದೆ. ತೆಂಗಿನ ನುಸಿ ಪೀಡೆಯ ಮೇಲಿನ ಪುಸ್ತಕ. 'ಕೃಷಿ ಅಂತ ಬರೆದರೆ ಮುಗೀತಲ್ಲ' ಅಂತ ನಾನಂದೆ. ನೀನು ಬಿಡಲಿಲ್ಲ. ಯಾವ ಬೆಳೆ? ಮರದ ಯಾವ ಭಾಗ? ಅದಕ್ಕೆ ಏನಾಗಿದೆ? ಯಾವ ಸೀಮೆಯಲ್ಲಿ? ಯಾವ ಕಾಲದಲ್ಲಿ? ಒಂದೊಂದಕ್ಕೂ ಒಂದು ಗುರುತು ಹಾಕಿ, ಎಲ್ಲ ಜೋಡಿಸಿ ಒಂದೇ ಸಂಖ್ಯೆ ಮಾಡಿದೆ. ನಮ್ಮ ತೋಟಕ್ಕೆ ನುಸಿ ಬಿದ್ದ ವರ್ಷ, ಕಾಯಿ ಸುರುಟಿ ಉದುರ್ತಿದ್ದರೆ, ಯಾರನ್ನು ಕೇಳಬೇಕು ಅಂತಲೇ ತಿಳಿಯದೆ ನಾನು ಅಲೆದಿದ್ದೆ. ಬರೆದವರು ಎಲ್ಲೋ ಬರೆದಿರ್ತಾರೆ. ಬೇಕಾದವನ ಕೈಗೆ ಅದು ಸಿಗೋ ಹಾಗೆ ಮಾಡೋರು ಬೇಕಲ್ವಾ? ನಿನ್ನ ಓದು ಅದೇ.

ಹೀಗೆ ಗುರುತು ಜೋಡಿಸಿ ಸಂಖ್ಯೆ ಮಾಡೋ ಆ ಪದ್ಧತಿಯನ್ನು 1933ರಲ್ಲಿ ಪ್ರಕಟಿಸಿದ ಎಸ್.ಆರ್. ರಂಗನಾಥನ್ ಅವರು ಮೊದಲು ಗಣಿತದ ಮೇಷ್ಟ್ರು ಅಂತ ನೀನೇ ಹೇಳಿದ್ದು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಗ್ರಂಥಪಾಲಕರಾಗಿ ಬಂದ ಅವರಿಗೆ ಕೆಲವೇ ದಿನಕ್ಕೆ ಬೇಸರವಾಗಿ, ವಾಪಸ್ ಪಾಠಕ್ಕೇ ಹೋಗ್ತೀನಿ ಅಂದಿದ್ದರಂತೆ. ಲಂಡನ್ನಿನಲ್ಲಿ ಓದಿ ಬಂದ ಮೇಲೆ ಮತ್ತೆ ಆ ಮಾತೆತ್ತಲಿಲ್ಲ. 1962ರಲ್ಲಿ ಬೆಂಗಳೂರಿನಲ್ಲಿ ಇದನ್ನೇ ಕಲಿಸೋ ಕೇಂದ್ರ ಕಟ್ಟಿದರು.

ಇನ್ನು ನಮ್ಮ ಮೈಸೂರು. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟು ಕೊಟ್ಟಿದ್ದರು. ಅದರಲ್ಲಿದ್ದದ್ದು ಕೌಟಿಲ್ಯನ ಅರ್ಥಶಾಸ್ತ್ರ. 1905ರಲ್ಲಿ ಅದನ್ನು ಗುರುತು ಹಿಡಿದು, 1909ರಲ್ಲಿ ಅಚ್ಚು ಹಾಕಿಸಿದ ಶಾಮಶಾಸ್ತ್ರಿಗಳು ಆ ಲೈಬ್ರರಿಯ ಗ್ರಂಥಪಾಲಕರು. ಹೆಸರು ಮಾತ್ರ ಕೇಳಿ ಬರ್ತಿದ್ದ ಪುಸ್ತಕ ಜಗತ್ತಿನ ಕೈಗೆ ಬಂತು. 'ಸುಮ್ನೆ ಕೂರೋ ಕೆಲಸ' ಅನ್ನೋರಿಗೆ ಇದನ್ನು ಹೇಳು.

ಇನ್ನೊಂದು ನಂಬಿಕೆ ನನಗೆ ಜಾಸ್ತಿ ಸಿಟ್ಟು ತರಿಸುತ್ತೆ. ಮಾತಾಡದ, ಸಂಕೋಚದ ಹುಡುಗಿಯರು ಸೇರೋ ಕೋರ್ಸ್ ಅಂತೆ ಇದು! ಕೇಳಿದವನಿಗೆ ನಿಜವಾಗಿ ಏನು ಬೇಕು ಅಂತ ನಾಲ್ಕು ಮಾತಾಡಿಸಿ ಹೊರಗೆ ತೆಗೆಯೋಳೇ ಅಲ್ವಾ ಒಳ್ಳೆ ಗ್ರಂಥಪಾಲಕಿ? ಬಸ್ಸಿನಲ್ಲಿ ಪಕ್ಕದವರನ್ನೂ ಮಾತಿಗೆಳೆಯೋಳು ನೀನು. ಅದು ಇಲ್ಲಿ ಕೆಲಸಕ್ಕೆ ಬರುತ್ತೆ.

ದೀಪಾವಳಿಗೆ ಬರ್ತೀಯಲ್ಲ, ಎರಡು ದಿನ ಮುಂಚೆಯೇ ಬಾ. ನಮ್ಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ ನಿನ್ನನ್ನು ವಿಚಾರಿಸ್ತಿದ್ದರು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ರಾಶಿ ಬಿದ್ದಿವೆ, ಹುಡುಗರಿಗೆ ಬೇಕಾದ್ದು ಸಿಗ್ತಿಲ್ಲ, ಹೇಗೆ ಜೋಡಿಸೋದು ಅಂತ ನಿನ್ನನ್ನೇ ಕೇಳಬೇಕಂತೆ. ನನ್ನ ಮಗಳು ಎಂ.ಲಿಬ್ ಓದ್ತಿದ್ದಾಳೆ, ಬರ್ತಾಳೆ ಅಂತ ಹೇಳಿದ್ದೀನಿ.

ನಿನ್ನ ಪ್ರೀತಿಯ,
ಅಪ್ಪ