ರೆಕ್ಕೆಯ ಬೋಲ್ಟ್ ಬಿಚ್ಚಿ ನೋಡಿದ್ದು ಯಾವಾಗ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೇ ವಿಮಾನಗಳ ಬಗೆಗಿನ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ‘ಕೆಲವೇ ಗಂಟೆ ಹಾರಿರುವುದರಿಂದ ವಿಮಾನ ಹೊಸದರಂತೆಯೇ ಇದೆ’ ಎಂಬ ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ. ಮೂವತ್ತು ವರ್ಷ ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಸ್ಪ್ಯಾನರ್ ಹಿಡಿದವನು ನಾನು. ಹಳೇ ವಿಮಾನದ ವಿಷಯದಲ್ಲಿ ಈ ಲೆಕ್ಕ ಉಲ್ಟಾ. ದಿನಾ ಹಾರುವ ವಿಮಾನವನ್ನು ಯಾರಾದರೂ ಬಿಚ್ಚುತ್ತಾರೆ, ಒರೆಸುತ್ತಾರೆ, ಗ್ರೀಸ್ ಹಚ್ಚುತ್ತಾರೆ. ಮೂಲೆಯಲ್ಲಿ ನಿಂತದ್ದಕ್ಕೆ ಮಳೆನೀರು, ದೂಳು, ಇಲಿ ಉಚ್ಚೆಯೇ ಗತಿ. ಇಲಿ ಉಚ್ಚೆ ಅಂದರೆ ನಗಬೇಡಿ, ಅಲ್ಯೂಮಿನಿಯಂಗೆ ಅದು ಮಹಾ ಶತ್ರು.

1987ರ ಮಳೆಗಾಲದಲ್ಲಿ ಒಂದು ಕ್ಲಬ್ಬಿನ ಎರಡು ಸೀಟಿನ ವಿಮಾನ ನಮ್ಮ ಹತ್ತಿರ ಬಂತು. ಆರು ವರ್ಷ ಟಾರ್ಪಾಲಿನ ಕೆಳಗೆ ನಿಂತಿತ್ತಂತೆ. ಲಾಗ್‌ಬುಕ್ಕಿನಲ್ಲಿ ಹಾರಾಟ ಬಹಳ ಕಡಿಮೆ. ಹೊಸ ಪೇಂಟ್ ಫಳಫಳ ಹೊಳೆಯುತ್ತಿತ್ತು. ರೆಕ್ಕೆ ವಿಮಾನದ ಮೈಗೆ ಸೇರುವ ಸಂದಿಯ ಮೇಲಿನ ತಗಡು ಬಿಚ್ಚಿ, ಟಾರ್ಚು, ಹಲ್ಲಿನ ಡಾಕ್ಟರ ಕನ್ನಡಿ ಹಿಡಿದು ಒಳಗೆ ನೋಡಿದೆ. ರಿವೆಟ್‌ಗಳ ನಡುವೆ ಹಪ್ಪಳದ ಹಾಗೆ ಸಣ್ಣ ಉಬ್ಬು. ನಮ್ಮ ಫೋರ್‌ಮನ್ ‘ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಯ್ಯ’ ಅಂದರು. ಬೇರೆ ಕಡೆ ಟಣ್ ಅಂದ ಲೋಹ ಅಲ್ಲಿ ದಬ್ ಅಂದಿತು. ಪೇಂಟ್ ಕೆರೆದರೆ ಸುಣ್ಣದಂಥ ಬಿಳಿ ಪುಡಿ. ಇನ್ನೂ ಸ್ವಲ್ಪ ಕೆರೆದೆ. ಬೇಕರಿಯ ಖಾರಿ ಬಿಸ್ಕತ್ತಿನ ಹಾಗೆ ಲೋಹ ಪದರ ಪದರವಾಗಿ ಎದ್ದು ಬಂತು. ಯಾರೋ ಪುಣ್ಯಾತ್ಮರು ಉಬ್ಬು ಉಜ್ಜಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದಿದ್ದರು.

ಆ ಸಂದಿಯಲ್ಲಿ ರೆಕ್ಕೆಯನ್ನು ಹಿಡಿದಿಡುವ ಬೋಲ್ಟ್ ತೆಗೆಯಲು ಅರ್ಧ ದಿನ ಹಿಡಿಯಿತು. ಅದು ಉಕ್ಕಿನದು, ಕೂತಿರುವುದು ಅಲ್ಯೂಮಿನಿಯಂ ತೂತಿನಲ್ಲಿ. ಎರಡು ಬೇರೆ ಲೋಹಗಳ ನಡುವೆ ನೀರು ಸೇರಿದರೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗುತ್ತದೆ. ಸವೆಯುವುದು ಮಾತ್ರ ಅಲ್ಯೂಮಿನಿಯಂ. ಬೋಲ್ಟ್ ತಲೆ ಚೆನ್ನಾಗಿಯೇ ಇತ್ತು. ತೂತಿನ ಒಳಗೋಡೆಯಲ್ಲಿ ಮಾತ್ರ ಸೂಜಿಯಲ್ಲಿ ಚುಚ್ಚಿದ ಹಾಗೆ ಗುಳಿಗಳು. ಹೊರಗಿನಿಂದ ಎಷ್ಟು ನೋಡಿದರೂ ಇದು ಕಾಣುತ್ತಿರಲಿಲ್ಲ.

ಒಂದು ಗುಳಿಯಿಂದ ಏನಾಗುತ್ತದೆ ಅಂತೀರಾ? 2019ರ ಮೇ 26ರಂದು ಆಸ್ಟ್ರೇಲಿಯಾದ ಮೌಂಟ್ ಐಸಾ ಹತ್ತಿರ ಸರ್ವೆ ಮಾಡುತ್ತಿದ್ದ ಸೆಸ್ನಾ 210 ಎಂಬ ಸಣ್ಣ ವಿಮಾನದ ರೆಕ್ಕೆ ಆಕಾಶದಲ್ಲೇ ಕಿತ್ತು ಬಂತು. ಇಬ್ಬರು ಸತ್ತರು. ಎರಡು ರೆಕ್ಕೆಗಳನ್ನೂ ಹೊರುವ ಅಡ್ಡತೊಲೆ ಬಿರುಕು ಬಿಟ್ಟಿತ್ತು. ಆ ಬಿರುಕು ಹುಟ್ಟಿದ್ದು ಕರೋಷನ್ನಿನ, ಅಂದರೆ ಲೋಹ ತಿನ್ನುವ ತುಕ್ಕಿನಂಥ ಸವೆತದ, ಒಂದು ಗುಳಿಯಲ್ಲಿ. ಅದು ದಿನಾ ದುಡಿಯುತ್ತಿದ್ದ ವಿಮಾನ. ಗುಳಿ ಬೀಳಲು ಹಾರಾಟವೇ ಬೇಡ, ಗಾಳಿಯ ತೇವ ಸಾಕು. ಆಮೇಲೆ ಹಾರಿದಷ್ಟೂ ಬಿರುಕು ಬೆಳೆಯುತ್ತದೆ. ಹಾಗಾಗಿ ವರ್ಷಗಟ್ಟಲೆ ನಿಲ್ಲಿಸಿ ಆಮೇಲೆ ಹಾರಿಸುವುದು ಜಾಸ್ತಿ ಅಪಾಯ. 2020ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಆ ಜಾತಿಯ ವಿಮಾನಗಳಿಗೆ ಎಡ್ಡಿ ಕರೆಂಟ್ ಪರೀಕ್ಷೆ (ಲೋಹದೊಳಗೆ ವಿದ್ಯುತ್ತಿನ ಸುಳಿ ಹುಟ್ಟಿಸಿ ನೋಡುವುದು) ಕಡ್ಡಾಯ ಮಾಡಿತು. ಕಣ್ಣಿಗೆ ಕಾಣದ ಬಿರುಕನ್ನೂ ಅದು ಹಿಡಿಯುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ 2018ರಲ್ಲಿ ಬಿದ್ದು 20 ಜನರನ್ನು ಬಲಿ ತೆಗೆದುಕೊಂಡ ಯುಂಕರ್ಸ್ ಜೂ 52 ವಿಮಾನ ಅಂತೂ 1939ರದ್ದು. ನಿಜ ಹೇಳಬೇಕೆಂದರೆ ಅದು ಬಿದ್ದದ್ದು ಕರೋಷನ್ನಿನಿಂದಲ್ಲ, ಪೈಲಟ್‌ಗಳು ಹಾರಿಸಿದ ರೀತಿಯಿಂದ. ಆದರೂ ಅವಶೇಷ ಕೆದಕಿದಾಗ ರೆಕ್ಕೆಯ ತೊಲೆಗಳಲ್ಲಿ ಕರೋಷನ್ ಸಿಕ್ಕಿತು. ಅಪಘಾತ ಆಗದಿದ್ದರೆ ಯಾರು ನೋಡುತ್ತಿದ್ದರು?

ನಮ್ಮೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ನಿಂತಿರುವ ವಿಮಾನಗಳ ಬಗ್ಗೆ ನನಗೆ ಚಿಂತೆಯಿಲ್ಲ, ಅವು ಹಾರುವುದಿಲ್ಲ. ಮೊಮ್ಮಗನನ್ನು ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ನನ್ನ ಮಾತು ರಿಪೇರಿ ಮಾಡಿಸಿ ಮತ್ತೆ ಹಾರಿಸುವವರಿಗೆ. ಬೋಲ್ಟ್ ಬಿಚ್ಚುವ ಕೆಲಸಕ್ಕೆ ದುಡ್ಡು, ದಿನ ಎರಡೂ ಬೇಕು. ಜೊತೆಗೆ, ಬಿಚ್ಚಿದ ಮೇಲೆ ಏನು ಸಿಗುತ್ತದೋ ಎಂಬ ಭಯ. ಪೇಂಟ್ ಹೊಡೆಯುವುದು ಸುಲಭ, ಅಲ್ವಾ?

ಮುಂದಿನ ಸಲ ನಿಮ್ಮ ವರದಿಗಾರರು ಇಂಥ ವಿಮಾನ ಹತ್ತುವ ಮುಂಚೆ, ರೆಕ್ಕೆಯ ಬೋಲ್ಟ್‌ಗಳನ್ನು ಕೊನೆಯ ಸಲ ಬಿಚ್ಚಿದ್ದು ಯಾವ ವರ್ಷ, ತೂತಿನೊಳಗೆ ನೋಡಿದ್ದು ಯಾರು ಅಂತ ಕೇಳಲಿ. ವಿಮಾನದವರು ಪೇಂಟಿನ ಬಗ್ಗೆ ಮಾತು ಶುರು ಮಾಡಿದರೆ, ಫೋಟೊ ತೆಗೆದುಕೊಂಡು ವಾಪಸ್ ಬರಲಿ.

– ನಿವೃತ್ತ ವಿಮಾನ ಮೆಕ್ಯಾನಿಕ್, ವಿಮಾನಪುರ, ಬೆಂಗಳೂರು