ಮತ್ತೆ ಸೀಲು ಒತ್ತಿದೆ

ಎರಡು ವರ್ಷದ ಮೇಲೆ, ಕಳೆದ ವಾರ ನಾನು ಮಾಡಿದ ಮಣ್ಣಿನ ಬಟ್ಟಲುಗಳ ತಳಕ್ಕೆ ನನ್ನ ಹೆಸರಿನ ಸೀಲು ಒತ್ತಿದೆ. ಭಟ್ಟಿಗೆ ಇಟ್ಟದ್ದು 36, ಸರಿಯಾಗಿ ಬಂದದ್ದು 31. ಇದನ್ನು ಹೇಳದೆ ಸುಮ್ನೆ ಇರಲು ಆಗುತ್ತಿಲ್ಲ.

ಬಲಗೈ ಮಣಿಕಟ್ಟು ಮುರಿದ ಮೇಲೆ ಚಕ್ರದ ಮುಂದೆ ಕೂತರೆ ಮಣ್ಣು ನಡುವಿಗೆ ನಿಲ್ಲುತ್ತಲೇ ಇರಲಿಲ್ಲ. ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬೇಜಾರಲ್ಲಿದ್ದ ನನ್ನನ್ನು ನನ್ನ ತಮ್ಮ ಜಪಾನಿನ ನಗೋಯಾಕ್ಕೆ, ಅವನ ಮನೆಗೆ ಕರೆಸಿಕೊಂಡ. ಅಲ್ಲಿ ಪಕ್ಕದ ಮನೆಯ ಅಜ್ಜಿ ಒಂದು ಹಳೇ ಬಸಿ ತಂದು, ಮಗುಚಿ ತೋರಿಸಿದರು. ತಳದಲ್ಲಿ ‘ರೋಸ್ ಚೈನಾ’ ಅಂತ ಮುದ್ರೆ. ಮಾಡಿದ್ದು ಅದೇ ಊರಿನ ನೊರಿಟಾಕೆ ಪಿಂಗಾಣಿ ಕಾರ್ಖಾನೆ. ಮತ್ತೆ ಆ ಹೆಸರು ಯಾಕಿಲ್ಲ?

ಅಜ್ಜಿ ಹೇಳುತ್ತಾ ಹೋದರು, ನನ್ನ ತಮ್ಮ ಅದನ್ನು ಕನ್ನಡದಲ್ಲಿ ಹೇಳಿದ. 1904ರಲ್ಲಿ ಶುರುವಾದ ಕಾರ್ಖಾನೆ. 25 ಸೆಂ.ಮೀ. ಊಟದ ತಟ್ಟೆ ಸೊಟ್ಟಗಾಗದಂತೆ ಸುಡುವುದನ್ನು ಕಲಿಯಲೇ ಹತ್ತು ವರ್ಷದ ಹತ್ತಿರ ಹಿಡಿಯಿತು. 1914ರಲ್ಲಿ ಮೊದಲ ಡಿನ್ನರ್ ಸೆಟ್. ಎರಡನೇ ಮಹಾಯುದ್ಧದ ಕಾಲದಲ್ಲಿ ತಟ್ಟೆ ಬಿಟ್ಟು ಸಾಣೆಚಕ್ರ ಮಾಡಿದರು. 1945ರಲ್ಲಿ ಯುದ್ಧ ಮುಗಿದಾಗ ಒಳ್ಳೆಯ ಸಾಮಗ್ರಿ ಇಲ್ಲ, ಪಳಗಿದ ಕೈಗಳೂ ಸಾಲದು. ಕೊಳ್ಳಲು ಅಮೆರಿಕದ ಸೈನಿಕರಿದ್ದರು. ಹಳೇ ಹೆಸರು ಹಾಕಿದ್ದರೆ ಜಾಸ್ತಿ ಮಾರಾಟ ಆಗುತ್ತಿತ್ತು, ಅಲ್ವಾ? ಹಾಕಲಿಲ್ಲ. ಮೊದಲಿನ ಗುಣಮಟ್ಟ ಬರುತ್ತಿಲ್ಲ ಅಂತ 1946ರಿಂದ ‘ರೋಸ್ ಚೈನಾ’ ಅಂತಲೇ ಮಾರಿದರು. ‘ನೊರಿಟಾಕೆ’ ಮತ್ತೆ ತಟ್ಟೆಯ ಹಿಂದೆ ಬಂದದ್ದು 1948ರಲ್ಲಿ.

ಆ ಬಸಿ ನನಗೆ ಚೆನ್ನಾಗೇ ಕಂಡಿತ್ತು. ಕಿಟಕಿ ಹತ್ತಿರ ಹಿಡಿದಾಗ ಗ್ಲೇಜಿನಲ್ಲಿ, ಅಂದರೆ ಮೇಲಿನ ಹೊಳಪಿನ ಲೇಪದಲ್ಲಿ, ಸಾಸಿವೆಗಿಂತ ಸಣ್ಣ ಎರಡು ಕಪ್ಪು ಚುಕ್ಕೆ ಕಂಡವು. ಅಷ್ಟೇ.

ಊರಿಗೆ ಬಂದು ನಾನೂ ಸೀಲನ್ನು ಡಬ್ಬಿಗೆ ಹಾಕಿದೆ. ಕೆಲಸ ಮಾತ್ರ ಬಿಡಲಿಲ್ಲ. ಸೀಲಿಲ್ಲದ ಆ ಬಟ್ಟಲುಗಳನ್ನು, ಅಂಚು ಸೊಟ್ಟ ಅಂತ ನಾನೇ ಹೇಳಿದರೂ, ಕೊಂಡುಕೊಂಡವರು ನೀವು. ಭಟ್ಟಿಯ ಕರೆಂಟ್ ಬಿಲ್ ಕಟ್ಟಿದ್ದು ನಿಮ್ಮ ದುಡ್ಡು. ಇದನ್ನು ಮರೆಯಲ್ಲ.

ದಿನಾ ಬೆರಳು ಮಡಚಿಸಿ, ನಾನು ಅತ್ತರೂ ಬಿಡದ ಫಿಸಿಯೋಥೆರಪಿ ಮೇಡಂಗೆ ಕೈ ಮುಗಿಯುತ್ತೇನೆ. ಬೆಳಿಗ್ಗೆ ಎದ್ದು ನನಗೋಸ್ಕರ ಮಣ್ಣು ನಾದಿಕೊಟ್ಟ ನಮ್ಮತ್ತೆಗೂ.

ಸೀಲು ಬಿದ್ದ ಮೊದಲ ಬಟ್ಟಲನ್ನು ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಮುಂದಿನ ತಿಂಗಳು ತಮ್ಮ ಬರುತ್ತಾನೆ. ಅದು ಅಜ್ಜಿಗೆ.